ಒತ್ತಡದ ಹಾರ್ಮೋನುಗಳು ಮತ್ತು ಹಿಪೊಕ್ಯಾಂಪಸ್‌ನ ವಿದ್ಯುತ್ ಚಟುವಟಿಕೆ

ಹಿಪೊಕ್ಯಾಂಪಸ್ ಮಿದುಳಿನ ಟೆಂಪೊರಲ್ ಹಾಲೆಯ ಒಳಮಗ್ಗುಲಲ್ಲಿ, ಎಡಬಲ ಎರಡೂ ಕಡೆ ಇರುವ ಬಾಗಿದ ಭಾಗ. ಹೊಸ ಸಂಗತಿಗಳು ನೆನಪಾಗಿ ಉಳಿಯಲು, ಪರಿಸರದಲ್ಲಿ ತಾನು ಎಲ್ಲಿದ್ದೇನೆ ಎಂದು ಪ್ರಾಣಿಗೆ ತಿಳಿಯಲು ಇದು ಅಗತ್ಯ. ಭಯ, ನೋವು, ಅನಿಶ್ಚಿತತೆ ಮುಂತಾದ ಒತ್ತಡದ ಸನ್ನಿವೇಶಗಳಲ್ಲಿ ರಕ್ತಕ್ಕೆ ಸೇರುವ ಹಾರ್ಮೋನುಗಳು ಈ ಭಾಗದ ನರಕೋಶಗಳ ವಿದ್ಯುತ್ ಚಟುವಟಿಕೆಯನ್ನು ಬದಲಿಸುತ್ತವೆ. ಬದಲಾವಣೆ ಒಂದೇ ದಿಕ್ಕಿನದಲ್ಲ. ಮೊದಲ ನಿಮಿಷಗಳಲ್ಲಿ ಉದ್ರೇಕ ಹೆಚ್ಚುತ್ತದೆ. ಒಂದೆರಡು ಗಂಟೆ ಕಳೆದ ಮೇಲೆ ಅದೇ ಹಾರ್ಮೋನು ನರಕೋಶಗಳನ್ನು ಶಾಂತಗೊಳಿಸುತ್ತದೆ. ಒತ್ತಡ ದಿನಗಟ್ಟಲೆ ಮುಂದುವರಿದರೆ ನರಕೋಶಗಳ ಆಕಾರವೇ ಬದಲಾಗುತ್ತದೆ. ಆದ್ದರಿಂದ ಹಾರ್ಮೋನು ಎಷ್ಟಿತ್ತು ಎನ್ನುವಷ್ಟೇ ಮುಖ್ಯವಾದುದು ಅದು ಬಂದು ಎಷ್ಟು ಹೊತ್ತಾಯಿತು ಎನ್ನುವುದು. ಭಾರತದಲ್ಲಿ ಈ ವಿಷಯಕ್ಕೆ ಸಂಬಂಧಿಸಿದ ಸಂಶೋಧನೆ ಮುಖ್ಯವಾಗಿ ಬೆಂಗಳೂರಿನ ಸಂಸ್ಥೆಗಳಲ್ಲಿ ನಡೆದಿದೆ. ಹರಿಯಾಣದ ಮಾನೇಸರ್‌ನಲ್ಲಿರುವ ರಾಷ್ಟ್ರೀಯ ಮಿದುಳು ಸಂಶೋಧನಾ ಕೇಂದ್ರದಲ್ಲಿ ಹಿಪೊಕ್ಯಾಂಪಸ್‌ನ ವಿದ್ಯುತ್ ಚಟುವಟಿಕೆಯ ಅಧ್ಯಯನಗಳು ನಡೆದಿವೆ.

ವಿದ್ಯುತ್ ಚಟುವಟಿಕೆಯ ಬಗೆಗಳು

ಹಿಪೊಕ್ಯಾಂಪಸ್‌ಗೆ ಮಾಹಿತಿ ಮುಖ್ಯವಾಗಿ ಎಂಟೊರೈನಲ್ ಕಾರ್ಟೆಕ್ಸ್‌ನಿಂದ ಬರುತ್ತದೆ. ಅಲ್ಲಿಂದ ಡೆಂಟೇಟ್ ಗೈರಸ್, ಬಳಿಕ ಸಿಎ3, ಕೊನೆಗೆ ಸಿಎ1 ಎಂಬ ಭಾಗಗಳನ್ನು ದಾಟಿ ಹೊರಗೆ ಸಾಗುತ್ತದೆ. ಸಿಎ3 ನರಕೋಶಗಳು ತಮ್ಮತಮ್ಮಲ್ಲೇ ದಟ್ಟವಾಗಿ ಹೆಣೆದುಕೊಂಡಿರುವುದರಿಂದ ಅಲ್ಲಿ ಉದ್ರೇಕ ಬಹುಬೇಗ ಹರಡುತ್ತದೆ.

ಈ ಭಾಗದ ವಿದ್ಯುತ್ ಚಟುವಟಿಕೆಯನ್ನು ಮೂರು ಮಟ್ಟಗಳಲ್ಲಿ ಅಳೆಯುತ್ತಾರೆ. ಮೊದಲನೆಯದು ಒಂಟಿ ನರಕೋಶದ ಮಟ್ಟ. ವಿಶ್ರಾಂತಿಯಲ್ಲಿರುವ ನರಕೋಶದ ಒಳಭಾಗ ಹೊರಗಿಗಿಂತ ಸುಮಾರು 65 ಮಿಲಿವೋಲ್ಟ್‌ನಷ್ಟು ಋಣ ವಿಭವದಲ್ಲಿರುತ್ತದೆ. ಸಾಕಷ್ಟು ಪ್ರಚೋದನೆ ಸಿಕ್ಕಾಗ ಸೋಡಿಯಂ ಅಯಾನುಗಳು ಒಳನುಗ್ಗಿ ಕ್ರಿಯಾವಿಭವ ಹೊಮ್ಮುತ್ತದೆ. ಪ್ರಚೋದನೆ ಮುಂದುವರಿದರೂ ಕ್ರಿಯಾವಿಭವಗಳ ಸರಣಿ ಕ್ರಮೇಣ ವಿರಳವಾಗುತ್ತದೆ. ಪ್ರತಿ ಕ್ರಿಯಾವಿಭವದೊಂದಿಗೆ ಒಳಬರುವ ಕ್ಯಾಲ್ಸಿಯಂ, ಪೊಟ್ಯಾಸಿಯಂ ಹೊರಹೋಗುವ ದ್ವಾರಗಳನ್ನು ತೆರೆದು ಕೋಶವನ್ನು ಮತ್ತಷ್ಟು ಋಣ ವಿಭವಕ್ಕೆ ಎಳೆಯುವುದೇ ಇದಕ್ಕೆ ಕಾರಣ. ಎರಡನೆಯದು ಒಂದು ನರಕೋಶದಿಂದ ಇನ್ನೊಂದಕ್ಕೆ ಸಂಕೇತ ದಾಟುವ ನರಸಂಧಿಗಳ ಮಟ್ಟ. ಗ್ಲುಟಮೇಟ್ ಉದ್ರೇಕಿಸುವ ರಾಸಾಯನಿಕ, ಗ್ಯಾಬಾ ತಡೆಯುವ ರಾಸಾಯನಿಕ. ಮೂರನೆಯದು ಜಾಲದ ಮಟ್ಟ. ಇಲಿ ಓಡಾಡುವಾಗ ಸೆಕೆಂಡಿಗೆ ಸುಮಾರು 4ರಿಂದ 12 ಆವರ್ತನದ ಥೀಟಾ ಲಯ ಕಾಣುತ್ತದೆ. ಅದು ಸುಮ್ಮನೆ ಕುಳಿತಾಗ ಅಥವಾ ನಿದ್ರಿಸುವಾಗ ಸೆಕೆಂಡಿಗೆ 150ರಿಂದ 250 ಆವರ್ತನದ, ಕ್ಷಣಕಾಲದ ತರಂಗಗುಚ್ಛಗಳು ಕಾಣುತ್ತವೆ. ಈ ಗುಚ್ಛಗಳು ನೆನಪು ಗಟ್ಟಿಯಾಗುವ ಕ್ರಿಯೆಯ ಭಾಗವೆಂದು ಪರಿಗಣಿಸಲಾಗಿದೆ.

ಹಾರ್ಮೋನುಗಳು ಮಿದುಳನ್ನು ಮುಟ್ಟುವ ಬಗೆ

ಒತ್ತಡಕ್ಕೆ ದೇಹ ಎರಡು ಹಂತಗಳಲ್ಲಿ ಪ್ರತಿಕ್ರಿಯಿಸುತ್ತದೆ. ಸೆಕೆಂಡುಗಳಲ್ಲಿ ಅಡ್ರೀನಲ್ ಗ್ರಂಥಿಯ ಒಳತಿರುಳಿನಿಂದ ಅಡ್ರಿನಲಿನ್ ಹೊಮ್ಮುತ್ತದೆ. ಅದು ರಕ್ತದಿಂದ ಮಿದುಳಿಗೆ ಸುಲಭವಾಗಿ ದಾಟಲಾರದು. ಆದರೆ ವೇಗಸ್ ನರದ ಮೂಲಕ ಸುದ್ದಿ ಮಿದುಳಕಾಂಡವನ್ನು ತಲುಪಿ, ಅಲ್ಲಿನ ಲೋಕಸ್ ಸೆರೂಲಿಯಸ್ ಎಂಬ ಕೇಂದ್ರದ ನರತಂತುಗಳು ಹಿಪೊಕ್ಯಾಂಪಸ್‌ನಲ್ಲಿ ನಾರ್‌ಅಡ್ರಿನಲಿನ್ ಬಿಡುಗಡೆ ಮಾಡುತ್ತವೆ.

ಎರಡನೆಯ ಹಂತ ನಿಧಾನದ್ದು. ಹೈಪೊಥಲಮಸ್ ಸಿಆರ್‌ಎಚ್ ಎಂಬ ಹಾರ್ಮೋನನ್ನು ಬಿಡುತ್ತದೆ. ಅದರಿಂದ ಪಿಟ್ಯುಟರಿ ಗ್ರಂಥಿ ಎಸಿಟಿಎಚ್ ಬಿಡುತ್ತದೆ. ಅದು ಅಡ್ರೀನಲ್ ಗ್ರಂಥಿಯ ಹೊರಪದರವನ್ನು ತಲುಪಿ ಗ್ಲುಕೊಕಾರ್ಟಿಕಾಯ್ಡ್ ಹಾರ್ಮೋನುಗಳನ್ನು ಹೊರಡಿಸುತ್ತದೆ. ಮನುಷ್ಯರಲ್ಲಿ ಈ ಹಾರ್ಮೋನು ಕಾರ್ಟಿಸೋಲ್, ಇಲಿಗಳಲ್ಲಿ ಕಾರ್ಟಿಕೊಸ್ಟೆರೋನ್. ಕೊಬ್ಬಿನಲ್ಲಿ ಕರಗುವ ಗುಣವಿರುವುದರಿಂದ ಇವು ಮಿದುಳಿನೊಳಕ್ಕೆ ದಾಟಬಲ್ಲವು. ಒತ್ತಡವಿಲ್ಲದ ದಿನವೂ ಇವುಗಳ ಮಟ್ಟ ಏರಿಳಿಯುತ್ತದೆ. ಮನುಷ್ಯರಲ್ಲಿ ಬೆಳಗ್ಗೆ ಎದ್ದ ಸುಮಾರು ಅರ್ಧ ಗಂಟೆಯ ಹೊತ್ತಿಗೆ ಅತಿ ಹೆಚ್ಚು, ನಡುರಾತ್ರಿಯ ಸುಮಾರಿಗೆ ಅತಿ ಕಡಿಮೆ. ರಾತ್ರಿ ಸಂಚರಿಸುವ ಇಲಿಗಳಲ್ಲಿ ಸಂಜೆ ಹೆಚ್ಚು. ಈ ದೈನಂದಿನ ಏರಿಳಿತದ ಒಳಗೇ ಗಂಟೆಗೊಮ್ಮೆ ಎಂಬಂತೆ ಸಣ್ಣ ಸಣ್ಣ ಏರಿಕೆಗಳೂ ಇವೆ.

ಹಿಪೊಕ್ಯಾಂಪಸ್ ಈ ಹಾರ್ಮೋನಿನ ಪರಿಣಾಮಕ್ಕೆ ಒಳಗಾಗುವುದರ ಜೊತೆಗೆ ಹೈಪೊಥಲಮಸ್‌ನ ಪ್ರತಿಕ್ರಿಯೆಯನ್ನು ತಗ್ಗಿಸುವ ಕಡಿವಾಣವೂ ಹೌದು. ಅದರ ಚಟುವಟಿಕೆ ಕುಂದಿದರೆ ಹಾರ್ಮೋನಿನ ಬಿಡುಗಡೆ ಬೇಗ ನಿಲ್ಲದೆ ಹೋಗಬಹುದು.

ಎರಡು ಗ್ರಾಹಕಗಳು

ಒತ್ತಡದ ಕುರಿತ ಆಧುನಿಕ ಚಿಂತನೆ 1936ರಲ್ಲಿ ಹಾನ್ಸ್ ಸೆಲ್ಯೆ ಪ್ರಕಟಿಸಿದ ಕಿರುಲೇಖನದಿಂದ ಆರಂಭವಾದರೂ, ಹಾರ್ಮೋನು ಮಿದುಳಿನಲ್ಲಿ ಎಲ್ಲಿ ನೆಲೆಸುತ್ತದೆ ಎಂಬುದು ತಿಳಿದದ್ದು 1968ರಲ್ಲಿ. ಬ್ರೂಸ್ ಮೆಕ್‌ಇವನ್ ಮತ್ತು ಸಂಗಡಿಗರು ವಿಕಿರಣಶೀಲ ಗುರುತು ಹಚ್ಚಿದ ಕಾರ್ಟಿಕೊಸ್ಟೆರೋನ್ ಇಲಿಗಳ ಹಿಪೊಕ್ಯಾಂಪಸ್‌ನಲ್ಲಿ ಹೆಚ್ಚಾಗಿ ಸಂಗ್ರಹವಾಗುವುದನ್ನು ತೋರಿಸಿದರು. 1985ರಲ್ಲಿ ಹಾನ್ಸ್ ರೂಲ್ ಮತ್ತು ರಾನ್ ಡಿ ಕ್ಲೂಟ್ ಅಲ್ಲಿ ಈ ಹಾರ್ಮೋನನ್ನು ಹಿಡಿಯುವ ಎರಡು ಬಗೆಯ ಗ್ರಾಹಕಗಳಿರುವುದನ್ನು ವಿಂಗಡಿಸಿದರು. ಮಿನರಲೊಕಾರ್ಟಿಕಾಯ್ಡ್ ಗ್ರಾಹಕ, ಅಂದರೆ ಎಂಆರ್, ಹಾರ್ಮೋನನ್ನು ಇನ್ನೊಂದಕ್ಕಿಂತ ಸುಮಾರು 10 ಪಟ್ಟು ಬಿಗಿಯಾಗಿ ಹಿಡಿಯುತ್ತದೆ. ಶಾಂತ ಸ್ಥಿತಿಯಲ್ಲೂ ಅದು ಬಹುಪಾಲು ತುಂಬಿರುತ್ತದೆ. ಗ್ಲುಕೊಕಾರ್ಟಿಕಾಯ್ಡ್ ಗ್ರಾಹಕ, ಅಂದರೆ ಜಿಆರ್, ಹಾರ್ಮೋನಿನ ಮಟ್ಟ ಒತ್ತಡದಿಂದ ಅಥವಾ ದಿನಚಕ್ರದ ತುದಿಯಲ್ಲಿ ಏರಿದಾಗ ಮಾತ್ರ ಹೆಚ್ಚಾಗಿ ತುಂಬುತ್ತದೆ. ಎರಡೂ ಕೋಶಕೇಂದ್ರಕ್ಕೆ ಸಾಗಿ ವಂಶವಾಹಿಗಳ ಕೆಲಸವನ್ನು ಬದಲಿಸಬಲ್ಲವು. ಅದಕ್ಕೆ ಹೊಸ ಪ್ರೋಟೀನುಗಳು ತಯಾರಾಗಬೇಕಾದ್ದರಿಂದ ಪರಿಣಾಮ ಕಾಣಲು ಸುಮಾರು ಒಂದು ಗಂಟೆಯಾದರೂ ಬೇಕು.

ಮೊದಲ ನಿಮಿಷಗಳು

ಒತ್ತಡದ ಆರಂಭದಲ್ಲಿ ಹಿಪೊಕ್ಯಾಂಪಸ್ ಎಚ್ಚರಗೊಳ್ಳುತ್ತದೆ. 1982ರಲ್ಲಿ ಡೇನಿಯಲ್ ಮ್ಯಾಡಿಸನ್ ಮತ್ತು ರೋಜರ್ ನಿಕೋಲ್, ನಾರ್‌ಅಡ್ರಿನಲಿನ್ ಸೋಕಿದ ನರಕೋಶಗಳಲ್ಲಿ ಕ್ರಿಯಾವಿಭವಗಳ ಸರಣಿ ವಿರಳವಾಗುವ ಗುಣ ತಗ್ಗುವುದನ್ನು ಕಂಡರು. ಅಂದರೆ ಅದೇ ಪ್ರಚೋದನೆಗೆ ಕೋಶ ಹೆಚ್ಚು ಹೊತ್ತು ಸ್ಪಂದಿಸುತ್ತಲೇ ಇರುತ್ತದೆ. ಮಿದುಳಿನೊಳಗೇ ಬಿಡುಗಡೆಯಾಗುವ ಸಿಆರ್‌ಎಚ್ ಕೂಡ ಇದೇ ದಿಕ್ಕಿನಲ್ಲಿ ಕೆಲಸ ಮಾಡುತ್ತದೆ ಎಂದು 1983ರ ಪ್ರಯೋಗಗಳು ತೋರಿಸಿದವು.

ಕಾರ್ಟಿಕೊಸ್ಟೆರೋನ್ ಕೂಡ ಈ ಹಂತದಲ್ಲಿ ಭಾಗಿಯಾಗುತ್ತದೆ ಎಂಬುದು ಸ್ಪಷ್ಟವಾದದ್ದು 2005ರಲ್ಲಿ. ನೆದರ್‌ಲ್ಯಾಂಡ್ಸ್‌ನ ಹೆಂಕ್ ಕಾರ್ಸ್ಟ್, ಮರಿಯನ್ ಯೂಲ್ಸ್ ಮತ್ತು ಸಂಗಡಿಗರು ಸಿಎ1 ನರಕೋಶಗಳ ಮೇಲೆ ಈ ಹಾರ್ಮೋನನ್ನು ಹರಿಸಿದಾಗ, ಗ್ಲುಟಮೇಟ್‌ನ ಪುಟ್ಟ ಪ್ರವಾಹಗಳ ಸಂಖ್ಯೆ ಕೆಲವೇ ನಿಮಿಷಗಳಲ್ಲಿ ಏರಿತು. ಹೊಸ ಪ್ರೋಟೀನು ತಯಾರಾಗುವುದನ್ನು ತಡೆದರೂ ಏರಿಕೆ ನಿಲ್ಲಲಿಲ್ಲ. ಇದಕ್ಕೆ ಕಾರಣವಾದುದು ಎಂಆರ್ ಗ್ರಾಹಕವೇ. ಆದರೆ ಕೋಶಕೇಂದ್ರಕ್ಕೆ ಹೋಗುವ ಬದಲು ಪೊರೆಯ ಬಳಿ ಕೆಲಸ ಮಾಡುವ ರೂಪದಲ್ಲಿ. ಈ ರೂಪಕ್ಕೆ ಹೆಚ್ಚಿನ ಹಾರ್ಮೋನು ಬೇಕಾದ್ದರಿಂದ, ಒತ್ತಡದ ಏರಿಕೆಯನ್ನು ಅದು ಗುರುತಿಸಬಲ್ಲದು. ಹೀಗೆ ಮೊದಲ ಹಂತದಲ್ಲಿ ನಾರ್‌ಅಡ್ರಿನಲಿನ್, ಸಿಆರ್‌ಎಚ್, ಕಾರ್ಟಿಕೊಸ್ಟೆರೋನ್ ಮೂರೂ ಒಂದೇ ಕಡೆ ನಿಂತು, ಆ ಕ್ಷಣದ ಘಟನೆ ನೆನಪಿನಲ್ಲಿ ಅಚ್ಚಾಗಲು ನೆರವಾಗುತ್ತವೆ.

ಒಂದು ಗಂಟೆಯ ನಂತರ

ಹಾರ್ಮೋನು ನರಕೋಶಗಳನ್ನು ಸುಮ್ಮನಾಗಿಸುತ್ತದೆ ಎಂಬ ಸುಳಿವು ಅದಕ್ಕೂ ಮುಂಚಿನದು. 1971ರಲ್ಲಿ ಡೊನಾಲ್ಡ್ ಫಾಫ್ ಮತ್ತು ಸಂಗಡಿಗರು ಕಾರ್ಟಿಕೊಸ್ಟೆರೋನ್ ಕೊಟ್ಟ ಇಲಿಗಳ ಹಿಪೊಕ್ಯಾಂಪಸ್ ಚಟುವಟಿಕೆ ಕಡಿಮೆಯಾಗುವುದನ್ನು ದಾಖಲಿಸಿದ್ದರು. ಇದರ ಕಾರ್ಯವಿಧಾನ 1989ರಲ್ಲಿ ಎರಡು ಪ್ರಯೋಗಾಲಯಗಳಿಂದ ಬಂತು. ಯೂಲ್ಸ್ ಮತ್ತು ಡಿ ಕ್ಲೂಟ್ ಒಂದು ಕಡೆ, ಅಮೆರಿಕದ ಫಿಲಿಪ್ ಲ್ಯಾಂಡ್‌ಫೀಲ್ಡ್ ತಂಡ ಇನ್ನೊಂದು ಕಡೆ, ಜಿಆರ್ ಗ್ರಾಹಕ ಕ್ರಿಯಾಶೀಲವಾದಾಗ ಕ್ರಿಯಾವಿಭವಗಳ ನಂತರದ ಋಣ ಇಳಿತ ಆಳವಾಗುತ್ತದೆ, ಸರಣಿ ಬೇಗ ನಿಲ್ಲುತ್ತದೆ ಎಂದು ತೋರಿಸಿದರು. ವಯಸ್ಸಾದ ಪ್ರಾಣಿಗಳಲ್ಲಿ ಪರಿಣಾಮ ಹೆಚ್ಚೆಂಬುದು ಎರಡನೆಯ ತಂಡದ ಗಮನಾರ್ಹ ಫಲಿತಾಂಶ. ಯೂಲ್ಸ್ ಮತ್ತು ಡಿ ಕ್ಲೂಟ್ ಇನ್ನೊಂದು ಸಂಗತಿಯನ್ನೂ ಕಂಡರು: ನಾರ್‌ಅಡ್ರಿನಲಿನ್ ಉಂಟುಮಾಡಿದ್ದ ಉದ್ರೇಕವನ್ನು ಗ್ಲುಕೊಕಾರ್ಟಿಕಾಯ್ಡ್ ತಗ್ಗಿಸುತ್ತದೆ. ಮೊದಲ ಹಂತ ಎತ್ತಿದ್ದನ್ನು ಎರಡನೆಯ ಹಂತ ಇಳಿಸುತ್ತದೆ.

ಈ ಇಳಿತದ ಹಿಂದೆ ಕ್ಯಾಲ್ಸಿಯಂ ಇದೆ. ಜಿಆರ್ ಕಾರಣದಿಂದ ಕ್ಯಾಲ್ಸಿಯಂ ಪ್ರವಾಹ ಹೆಚ್ಚಾಗುತ್ತದೆ, ಅದು ಪೊಟ್ಯಾಸಿಯಂ ದ್ವಾರಗಳನ್ನು ಇನ್ನಷ್ಟು ತೆರೆಯುತ್ತದೆ. ಕೋಶದ ವಿಶ್ರಾಂತಿ ವಿಭವದಲ್ಲಿ ಮಾತ್ರ ಹೆಚ್ಚಿನ ಬದಲಾವಣೆ ಇರುವುದಿಲ್ಲ. ಸುಮ್ಮನಿರುವ ಕೋಶದಲ್ಲಿ ಹಾರ್ಮೋನಿನ ಗುರುತು ಸಿಗುವುದು ಕಷ್ಟ, ಕೋಶ ಉದ್ರೇಕಗೊಂಡಾಗಲೇ ಅದು ಬಯಲಾಗುತ್ತದೆ.

ಶಾಂತಗೊಳಿಸುವುದು ಪೂರ್ತಿ ಚಿತ್ರವೂ ಅಲ್ಲ. ಗಂಟೆಗಳು ಕಳೆದಾಗ ನರಸಂಧಿಗಳಿಗೆ ಆಂಪಾ ಎಂಬ ಗ್ಲುಟಮೇಟ್ ಗ್ರಾಹಕಗಳು ಹೆಚ್ಚಾಗಿ ಸೇರಿ, ಒಂದೊಂದು ಗ್ಲುಟಮೇಟ್ ಪ್ರವಾಹದ ಗಾತ್ರ ಹೆಚ್ಚುತ್ತದೆ. ಒತ್ತಡದ ಹೊತ್ತಿನಲ್ಲಿ ಬಲಗೊಂಡ ಸಂಧಿಗಳು ಹಾಗೆಯೇ ಉಳಿಯಲು, ಅನಂತರ ಬರುವ ಬೇರೆ ಮಾಹಿತಿ ಅವುಗಳನ್ನು ಅಳಿಸದಿರಲು ಇದು ಸಹಾಯಕ ಎಂಬುದು ಒಂದು ವ್ಯಾಖ್ಯಾನ.

ಕಲಿಕೆ ಮತ್ತು ಎಲ್‌ಟಿಪಿ

ನರಸಂಧಿಯ ಮೇಲೆ ತೀವ್ರ ಆವರ್ತನದ ಪ್ರಚೋದನೆ ಬಿದ್ದ ಮೇಲೆ ಅದರ ಬಲ ಬಹುಕಾಲ ಹೆಚ್ಚಿರುವ ವಿದ್ಯಮಾನವನ್ನು ಟಿಮ್ ಬ್ಲಿಸ್ ಮತ್ತು ತೆರ್ಯೆ ಲೋಮೊ 1973ರಲ್ಲಿ ಮೊಲದ ಹಿಪೊಕ್ಯಾಂಪಸ್‌ನಲ್ಲಿ ವರ್ಣಿಸಿದರು. ಎಲ್‌ಟಿಪಿ ಎಂದು ಕರೆಯುವ ಈ ಬದಲಾವಣೆ ನೆನಪಿನ ಕೋಶಮಟ್ಟದ ಆಧಾರವೆಂದು ವ್ಯಾಪಕವಾಗಿ ಅಂಗೀಕೃತವಾಗಿದೆ. ಸಂಧಿಯ ಬಲ ಕುಗ್ಗುವ ವಿರುದ್ಧ ವಿದ್ಯಮಾನ ಎಲ್‌ಟಿಡಿ.

1987ರಲ್ಲಿ ಮೈಕಲ್ ಫಾಯ್, ರಿಚರ್ಡ್ ಥಾಂಪ್ಸನ್ ಮತ್ತು ಸಂಗಡಿಗರು, ಒತ್ತಡಕ್ಕೆ ಒಳಗಾದ ಇಲಿಗಳಿಂದ ತೆಗೆದ ಹಿಪೊಕ್ಯಾಂಪಸ್ ತುಣುಕುಗಳಲ್ಲಿ ಎಲ್‌ಟಿಪಿ ದುರ್ಬಲವಾಗಿರುವುದನ್ನು ವರದಿ ಮಾಡಿದರು. ಎರಡು ವರ್ಷಗಳ ಬಳಿಕ ಟ್ರೇಸಿ ಶೋರ್ಸ್ ಮತ್ತು ಸಂಗಡಿಗರು ತಪ್ಪಿಸಿಕೊಳ್ಳಬಹುದಾದ ವಿದ್ಯುತ್ ಆಘಾತಕ್ಕಿಂತ ತಪ್ಪಿಸಿಕೊಳ್ಳಲಾಗದ ಆಘಾತ ಎಲ್‌ಟಿಪಿಯನ್ನು ಹೆಚ್ಚು ಕುಗ್ಗಿಸುತ್ತದೆ ಎಂದು ತೋರಿಸಿದರು. ಪರಿಸ್ಥಿತಿ ತನ್ನ ಕೈಯಲ್ಲಿದೆಯೇ ಇಲ್ಲವೇ ಎಂಬುದೂ ನರಸಂಧಿಗಳ ಮಟ್ಟದಲ್ಲಿ ದಾಖಲಾಗುತ್ತದೆ ಎಂಬುದು ಇದರ ಅರ್ಥ. 1992ರಲ್ಲಿ ಡೇವಿಡ್ ಡೈಮಂಡ್ ಮತ್ತು ಸಂಗಡಿಗರು ಹಾರ್ಮೋನಿನ ಮಟ್ಟಕ್ಕೂ ನರಸಂಧಿ ಬಲಗೊಳ್ಳುವುದಕ್ಕೂ ಇರುವ ಸಂಬಂಧ ನೇರವಲ್ಲ, ಮಧ್ಯಮ ಮಟ್ಟದಲ್ಲಿ ಅದು ಗರಿಷ್ಠ, ಅತಿ ಕಡಿಮೆ ಮತ್ತು ಅತಿ ಹೆಚ್ಚು ಎರಡರಲ್ಲೂ ಕಡಿಮೆ ಎಂದು ಕಂಡುಕೊಂಡರು. ಒತ್ತಡ ಎಲ್‌ಟಿಡಿಯನ್ನು ಸುಗಮಗೊಳಿಸುತ್ತದೆ ಎಂಬುದು 1996–97ರಲ್ಲಿ ತಿಳಿಯಿತು.

ಹೊತ್ತಿನ ಪಾತ್ರ ಇಲ್ಲಿಯೂ ಎದ್ದು ಕಾಣುತ್ತದೆ. ತೀವ್ರ ಪ್ರಚೋದನೆ ಕೊಡುವ ಹೊತ್ತಿಗೇ ಕಾರ್ಟಿಕೊಸ್ಟೆರೋನ್ ಇದ್ದರೆ ಎಲ್‌ಟಿಪಿ ಹೆಚ್ಚುತ್ತದೆ, ಮುಂಚೆಯೇ ಬಂದು ಹೋಗಿದ್ದರೆ ಆ ಲಾಭವಿಲ್ಲ ಎಂದು 2006ರ ಅಧ್ಯಯನವೊಂದು ತೋರಿಸಿತು. ವರ್ತನೆಯಲ್ಲೂ ಇದಕ್ಕೆ ಹೊಂದುವ ಸಾಕ್ಷ್ಯವಿದೆ. 1998ರಲ್ಲಿ ಡೊಮಿನಿಕ್ ಡಿ ಕ್ವೆರ್ವೆನ್ ಮತ್ತು ಸಂಗಡಿಗರು, ಕಲಿತದ್ದನ್ನು ನೆನಪಿಸಿಕೊಳ್ಳುವ ಪರೀಕ್ಷೆಗೆ 30 ನಿಮಿಷ ಮುಂಚೆ ಆಘಾತ ಕಂಡ ಇಲಿಗಳು ಎಡವಿದವು, 2 ನಿಮಿಷ ಅಥವಾ 4 ಗಂಟೆ ಮುಂಚೆ ಕಂಡವು ಎಡವಲಿಲ್ಲ ಎಂದು ವರದಿ ಮಾಡಿದರು. ಪರೀಕ್ಷಾ ಕೊಠಡಿಯಲ್ಲಿ ಓದಿದ್ದು ಹೊಳೆಯದೆ, ಹೊರಬಂದ ಮೇಲೆ ನೆನಪಾಗುವ ಅನುಭವವನ್ನು ಇಂಥ ಫಲಿತಾಂಶಗಳ ಬೆಳಕಿನಲ್ಲಿ ಅರ್ಥಮಾಡಿಕೊಳ್ಳಬಹುದು: ನೆನಪು ಅಳಿದಿರುವುದಿಲ್ಲ, ಅದನ್ನು ಹೊರತೆಗೆಯುವ ದಾರಿ ಸ್ವಲ್ಪ ಹೊತ್ತು ಮುಚ್ಚಿರುತ್ತದೆ.

ಹಿಪೊಕ್ಯಾಂಪಸ್‌ನ ಎಲ್ಲ ಭಾಗಗಳೂ ಒಂದೇ ರೀತಿ ಸ್ಪಂದಿಸುವುದಿಲ್ಲ. 2007ರಲ್ಲಿ ನಿಕೋಲಾ ಮಾಜ್ಜೊ ಮತ್ತು ಮೆನಾಹೆಮ್ ಸೆಗಲ್, ಸ್ಥಳದ ನೆನಪಿಗೆ ಸಂಬಂಧಿಸಿದ ಮೇಲ್ಭಾಗದಲ್ಲಿ ಒತ್ತಡದ ನಂತರ ಎಲ್‌ಟಿಪಿ ಕುಗ್ಗಿದರೆ, ಭಾವನೆಗಳಿಗೆ ಹತ್ತಿರವಾದ ಕೆಳಭಾಗದಲ್ಲಿ ಹೆಚ್ಚುತ್ತದೆ ಎಂದು ತೋರಿಸಿದರು.

ಜಾಲದ ಮಟ್ಟದಲ್ಲಿ

1971ರಲ್ಲಿ ಜಾನ್ ಓ'ಕೀಫ್ ಮತ್ತು ಜೊನಾಥನ್ ಡೊಸ್ಟ್ರೊವ್‌ಸ್ಕಿ ವರ್ಣಿಸಿದ ಸ್ಥಳಕೋಶಗಳು ಇಲಿ ನಿರ್ದಿಷ್ಟ ಜಾಗಕ್ಕೆ ಬಂದಾಗ ಮಾತ್ರ ಚುರುಕಾಗುತ್ತವೆ. 2007ರಲ್ಲಿ ಜೀನ್‌ಸಾಕ್ ಕಿಮ್ ತಂಡ ಒತ್ತಡಕ್ಕೆ ಒಳಗಾದ ಇಲಿಗಳಲ್ಲಿ ಇವನ್ನು ಪರಿಶೀಲಿಸಿತು. ಕೋಶ ಪ್ರತಿನಿಧಿಸುವ ಜಾಗ ಬದಲಾಗಲಿಲ್ಲ. ಆದರೆ ಅದೇ ಜಾಗದಲ್ಲಿ ಕೋಶ ಸ್ಪಂದಿಸುವ ವೇಗ ಒಂದು ಸಲಕ್ಕೂ ಇನ್ನೊಂದು ಸಲಕ್ಕೂ ಹೊಂದಿಕೆಯಾಗಲಿಲ್ಲ.

ಬೆಂಗಳೂರಿನ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರದಲ್ಲಿ ಸುಮಂತ್ರ ಚಟರ್ಜಿಯವರ ತಂಡ 2013ರಲ್ಲಿ ಎಚ್ಚರವಾಗಿದ್ದ ಇಲಿಗಳ ಸಿಎ1 ಮತ್ತು ಭಯದ ಕೇಂದ್ರವಾದ ಅಮಿಗ್ಡಲಾ ಎರಡರಿಂದಲೂ ಏಕಕಾಲದಲ್ಲಿ ತರಂಗಗಳನ್ನು ದಾಖಲಿಸಿತು. ದಿನಗಟ್ಟಲೆ ಒತ್ತಡದ ನಂತರ ಅಮಿಗ್ಡಲಾದಿಂದ ಹಿಪೊಕ್ಯಾಂಪಸ್‌ಗೆ ಹೋಗುವ ಪ್ರಭಾವ ಬಲಗೊಂಡಿತ್ತು. ಒತ್ತಡ ನಿಂತು 10 ದಿನ ಕಳೆದರೂ ಅದು ತಗ್ಗಲಿಲ್ಲ. ಜಪಾನಿನ ತಂಡದೊಂದಿಗೆ 2021ರಲ್ಲಿ ಪ್ರಕಟಿಸಿದ ಅಧ್ಯಯನ, ಒತ್ತಡದ ನಂತರ ಹಿಪೊಕ್ಯಾಂಪಸ್ ನರಕೋಶಗಳು ಹೆಚ್ಚಾಗಿ ಒಟ್ಟೊಟ್ಟಿಗೆ ಸ್ಪಂದಿಸುವುದನ್ನು ವರದಿ ಮಾಡಿತು.

ದೀರ್ಘಕಾಲದ ಒತ್ತಡ: ಬೆಂಗಳೂರಿನ ಅಧ್ಯಯನಗಳು

ಒತ್ತಡ ವಾರಗಳವರೆಗೆ ಮುಂದುವರಿದರೆ ಸಿಎ3 ನರಕೋಶಗಳ ಡೆಂಡ್ರೈಟ್‌ಗಳು, ಅಂದರೆ ಸಂಕೇತ ಪಡೆಯುವ ಕವಲುಗಳು, ಕುಗ್ಗುತ್ತವೆ ಎಂದು 1990ರ ಆಸುಪಾಸಿನಲ್ಲಿ ಮೆಕ್‌ಇವನ್ ಪ್ರಯೋಗಾಲಯ ತೋರಿಸಿತು. ಬೆಂಗಳೂರಿನ ನಿಮ್ಹಾನ್ಸ್‌ನ ನರಶರೀರಕ್ರಿಯಾ ವಿಭಾಗ ಈ ಕ್ಷೇತ್ರಕ್ಕೆ ಬೇಗನೆ ಕಾಲಿಟ್ಟಿತು. ಟಿ.ಆರ್. ರಾಜು, ಬಿ.ಎಸ್. ಶಂಕರನಾರಾಯಣ ರಾವ್ ಮುಂತಾದವರ ಈ ವಿಭಾಗ, ಓಡಾಡಲಾಗದಂತೆ ದೀರ್ಘಕಾಲ ಕೂಡಿಡಲಾದ ಇಲಿಗಳ ಸಿಎ3 ಡೆಂಡ್ರೈಟ್‌ಗಳ ಮೇಲಿನ ಮುಳ್ಳುಗಳನ್ನು ಎಣಿಸಿ ನೋಡಿದ ಅಧ್ಯಯನವನ್ನು 1995ರಲ್ಲಿ ಪ್ರಕಟಿಸಿತು.

2002ರಲ್ಲಿ ಚಟರ್ಜಿ ಮತ್ತು ರಾವ್ ಸೇರಿದ್ದ ತಂಡ, ಅದೇ ಒತ್ತಡ ಸಿಎ3ರ ಡೆಂಡ್ರೈಟ್‌ಗಳನ್ನು ಕುಗ್ಗಿಸಿದರೆ ಅಮಿಗ್ಡಲಾದ ಡೆಂಡ್ರೈಟ್‌ಗಳನ್ನು ಬೆಳೆಸುತ್ತದೆ ಎಂದು ತೋರಿಸಿತು. 2004ರಲ್ಲಿ ಇದರ ಮುಂದಿನ ಭಾಗ ಬಂತು: 21 ದಿನಗಳ ವಿರಾಮದಲ್ಲಿ ಹಿಪೊಕ್ಯಾಂಪಸ್ ಚೇತರಿಸಿಕೊಳ್ಳುತ್ತದೆ, ಅಮಿಗ್ಡಲಾದ ಬೆಳವಣಿಗೆ ಹಿಂದಿರುಗುವುದಿಲ್ಲ.

ಡೆಂಡ್ರೈಟ್ ಕುಗ್ಗಿದರೆ ವಿದ್ಯುತ್ ಚಟುವಟಿಕೆಯೂ ಕುಗ್ಗಬೇಕೆಂದು ತೋರಬಹುದು. ರಿಷಿಕೇಶ್ ನಾರಾಯಣನ್ ಮತ್ತು ಚಟರ್ಜಿ 2010ರಲ್ಲಿ ಪ್ರಕಟಿಸಿದ ಗಣಕ ಮಾದರಿ ಬೇರೆಯದನ್ನು ಹೇಳಿತು. ಪೊರೆಯ ವಿಸ್ತೀರ್ಣ ಕಡಿಮೆಯಾದಾಗ ಪ್ರವಾಹ ಸೋರಿಹೋಗುವ ಜಾಗವೂ ಕಡಿಮೆಯಾಗಿ, ಅಷ್ಟೇ ಪ್ರಚೋದನೆಗೆ ಕೋಶ ಹೆಚ್ಚು ಸ್ಪಂದಿಸುತ್ತದೆ. ಮೊದಲೇ ತಮ್ಮತಮ್ಮಲ್ಲಿ ಹೆಣೆದುಕೊಂಡ ಸಿಎ3 ಜಾಲದಲ್ಲಿ ಇದು ಅಪಾಯಕಾರಿ ಅತಿ ಉದ್ರೇಕಕ್ಕೆ ದಾರಿ ಮಾಡಬಲ್ಲದು. ಇದೇ ಹೊತ್ತಿನಲ್ಲಿ ಎಲ್‌ಟಿಪಿ ದುರ್ಬಲವಾಗಿರುತ್ತದೆ. ಹೆಚ್ಚು ಉದ್ರೇಕ, ಕಡಿಮೆ ಕಲಿಕೆ — ದೀರ್ಘಕಾಲದ ಒತ್ತಡದ ಲಕ್ಷಣ ಈ ವಿಚಿತ್ರ ಜೋಡಿ. ಹಿಪೊಕ್ಯಾಂಪಸ್‌ನ ಈ ಹಾನಿ ಶಾಶ್ವತವಲ್ಲ ಎಂಬುದಕ್ಕೂ ಸಾಕ್ಷ್ಯ ಬೆಂಗಳೂರಿನಿಂದಲೇ ಇದೆ: ಆಟಿಕೆ, ಸಂಗಾತಿ, ವಿಶಾಲ ಜಾಗ ಇರುವ ಸಮೃದ್ಧ ಗೂಡಿನಲ್ಲಿ ಅಲ್ಪಕಾಲ ಬಿಟ್ಟ ಇಲಿಗಳಲ್ಲಿ ಎಲ್‌ಟಿಪಿ, ನೆನಪು ಎರಡೂ ಸುಧಾರಿಸಿದ್ದನ್ನು ನಿಮ್ಹಾನ್ಸ್ ತಂಡ 2017ರಲ್ಲಿ ವರದಿ ಮಾಡಿತು.

ಮಾನೇಸರ್‌ನ ರಾಷ್ಟ್ರೀಯ ಮಿದುಳು ಸಂಶೋಧನಾ ಕೇಂದ್ರ

ದೆಹಲಿ–ಜೈಪುರ ಹೆದ್ದಾರಿಯಲ್ಲಿ, ಅರಾವಳಿ ಬೆಟ್ಟಗಳ ಮಗ್ಗುಲಲ್ಲಿರುವ ಮಾನೇಸರ್ ಕಾರು ಕಾರ್ಖಾನೆಗಳಿಂದ ಹೆಸರಾದ ಊರು. ಕೇಂದ್ರ ಸರ್ಕಾರದ ಜೈವಿಕ ತಂತ್ರಜ್ಞಾನ ಇಲಾಖೆ 1999ರಲ್ಲಿ ಸ್ಥಾಪಿಸಿದ ರಾಷ್ಟ್ರೀಯ ಮಿದುಳು ಸಂಶೋಧನಾ ಕೇಂದ್ರ (ಎನ್‌ಬಿಆರ್‌ಸಿ) ಇಲ್ಲಿದೆ. 2002ರಲ್ಲಿ ಇದಕ್ಕೆ ಪರಿಗಣಿತ ವಿಶ್ವವಿದ್ಯಾಲಯದ ಸ್ಥಾನ ದೊರೆಯಿತು. 2003ರ ಡಿಸೆಂಬರ್ 16ರಂದು ರಾಷ್ಟ್ರಪತಿ ಎ.ಪಿ.ಜೆ. ಅಬ್ದುಲ್ ಕಲಾಂ ಇದನ್ನು ರಾಷ್ಟ್ರಕ್ಕೆ ಸಮರ್ಪಿಸಿದರು.

ಕೇಂದ್ರಕ್ಕೆ ಕರ್ನಾಟಕದ ನಂಟು ಆರಂಭದಿಂದಲೇ ಇದೆ. ಸಂಸ್ಥಾಪಕ ನಿರ್ದೇಶಕಿ ವಿಜಯಲಕ್ಷ್ಮಿ ರವೀಂದ್ರನಾಥ್ ಮೈಸೂರು ವಿಶ್ವವಿದ್ಯಾಲಯದಿಂದ ಪಿಎಚ್.ಡಿ. ಪಡೆದು, ನಿಮ್ಹಾನ್ಸ್‌ನಲ್ಲಿ ಸಂಶೋಧನೆ ನಡೆಸಿದವರು. ಮಾನೇಸರ್‌ನ ನಂತರ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ನರವಿಜ್ಞಾನ ಕೇಂದ್ರವನ್ನು ಕಟ್ಟಿದರು. ನಿಮ್ಹಾನ್ಸ್‌ನಲ್ಲಿ ಇಲಿಗಳ ಕಲಿಕೆಯ ಮೇಲೆ ಕೆಲಸ ಮಾಡಿದ ಡಿ. ಯೋಗನರಸಿಂಹ, ಅಮೆರಿಕದಲ್ಲಿ ಸ್ಥಳಕೋಶ ಹಾಗೂ ತಲೆಯ ದಿಕ್ಕನ್ನು ಗುರುತಿಸುವ ಕೋಶಗಳ ಹೋಲಿಕೆಯ ಅಧ್ಯಯನದಲ್ಲಿ ಪಾಲ್ಗೊಂಡು, ಬಳಿಕ ಮಾನೇಸರ್‌ನಲ್ಲಿ ಓಡಾಡುವ ಇಲಿಗಳ ಹಿಪೊಕ್ಯಾಂಪಸ್‌ನಿಂದ ಬಹು ವಿದ್ಯುದ್ವಾರಗಳ ಮೂಲಕ ದಾಖಲಿಸುವ ಪ್ರಯೋಗಾಲಯ ನಡೆಸಿದರು. ಒತ್ತಡ ಸ್ಥಳಕೋಶಗಳನ್ನು ಹೇಗೆ ಕದಡುತ್ತದೆ ಎಂದು ತಿಳಿಯಬೇಕಾದರೆ ಶಾಂತ ಸ್ಥಿತಿಯಲ್ಲಿ ಅವು ಹೇಗಿರುತ್ತವೆ ಎಂಬ ಇಂಥ ಆಧಾರ ದಾಖಲೆಗಳೇ ಬುನಾದಿ.

ಮನುಷ್ಯರ ಹಿಪೊಕ್ಯಾಂಪಸ್ ಕುರಿತ ಕೆಲಸದಲ್ಲೂ ಈ ಕೇಂದ್ರಕ್ಕೆ ಪಾಲಿದೆ. ದೆಹಲಿಯ ಏಮ್ಸ್ ಜೊತೆ ಸೇರಿ ಇದು ಅಪಸ್ಮಾರ ಸಂಶೋಧನೆಗೆ ಮೀಸಲಾದ ಉತ್ಕೃಷ್ಟತಾ ಕೇಂದ್ರವನ್ನು ನಡೆಸಿದ್ದು, ಮಿದುಳಿನ ಕಾಂತೀಯ ಸಂಕೇತಗಳನ್ನು ಅಳೆಯುವ ಎಂಇಜಿ ಸೌಲಭ್ಯವೂ ಈ ಸಹಯೋಗದ ಫಲ. ಔಷಧಕ್ಕೆ ಬಗ್ಗದ ಟೆಂಪೊರಲ್ ಹಾಲೆಯ ಅಪಸ್ಮಾರದಲ್ಲಿ ಶಸ್ತ್ರಚಿಕಿತ್ಸೆಯಿಂದ ತೆಗೆದ ಹಿಪೊಕ್ಯಾಂಪಸ್ ಅಂಗಾಂಶದಲ್ಲಿ ಎನ್‌ಎಂಡಿಎ ಎಂಬ ಗ್ಲುಟಮೇಟ್ ಗ್ರಾಹಕಗಳು ಅತಿಯಾಗಿ ಕ್ರಿಯಾಶೀಲವಾಗಿರುವುದನ್ನು ಈ ಸಂಶೋಧಕರು 2015ರಲ್ಲಿ ವರದಿ ಮಾಡಿದರು.

ವೈದ್ಯಕೀಯ ಮಹತ್ವ

ತಮಗೆ ಫಿಟ್ಸ್ ಬರಲು ಕಾರಣವೇನೆಂದು ಕೇಳಿದಾಗ ಅಪಸ್ಮಾರವಿರುವವರು ಅತಿ ಹೆಚ್ಚಾಗಿ ಹೆಸರಿಸುವುದು ಮಾನಸಿಕ ಒತ್ತಡವನ್ನು. ಸಿಆರ್‌ಎಚ್ ಮರಿ ಇಲಿಗಳಲ್ಲಿ ಸೆಳವು ಉಂಟುಮಾಡುವುದು, ಸಿಎ3ರ ಅತಿ ಉದ್ರೇಕ ಇವು ಆ ಮಾತಿಗೆ ಪುಷ್ಟಿ ಕೊಡುತ್ತವೆ. ಇನ್ನೊಂದೆಡೆ, ಹಸುಗೂಸುಗಳಲ್ಲಿ ಕಾಣುವ ವೆಸ್ಟ್ ಸಿಂಡ್ರೋಮ್‌ಗೆ ಎಸಿಟಿಎಚ್ ಚುಚ್ಚುಮದ್ದು 1958ರಿಂದ ಪ್ರಮುಖ ಚಿಕಿತ್ಸೆ. ಒತ್ತಡದ ಸರಪಳಿಯ ಒಂದು ಕೊಂಡಿ ಸೆಳವನ್ನು ಕೆರಳಿಸಿದರೆ ಇನ್ನೊಂದು ಕೊಂಡಿ ಅದನ್ನು ತಣಿಸುತ್ತದೆ.

ಕಾರ್ಟಿಸೋಲ್ ವರ್ಷಗಟ್ಟಲೆ ಹೆಚ್ಚಾಗಿರುವ ಕುಶಿಂಗ್ ಕಾಯಿಲೆಯವರಲ್ಲಿ ಹಿಪೊಕ್ಯಾಂಪಸ್‌ನ ಗಾತ್ರಕ್ಕೂ ನೆನಪಿನ ತೊಂದರೆಗೂ ಸಂಬಂಧವಿರುವುದನ್ನು ಮೋನಿಕಾ ಸ್ಟಾರ್ಕ್‌ಮನ್ 1992ರಲ್ಲಿ ತೋರಿಸಿದರು. ಚಿಕಿತ್ಸೆಯ ನಂತರ ಗಾತ್ರ ಸ್ವಲ್ಪ ಮರಳುವುದನ್ನು 1999ರಲ್ಲಿ ವರದಿ ಮಾಡಿದರು. ಆಸ್ತಮಾ, ಸಂಧಿವಾತ ಮುಂತಾದ ಕಾಯಿಲೆಗಳಿಗೆ ಹೆಚ್ಚಿನ ಪ್ರಮಾಣದ ಸ್ಟೀರಾಯ್ಡ್ ಮಾತ್ರೆ ತೆಗೆದುಕೊಳ್ಳುವವರಲ್ಲೂ ನಿದ್ರೆ, ಮನಃಸ್ಥಿತಿ, ನೆನಪು ಏರುಪೇರಾಗಬಹುದು. ಅಂಥ ಮಾತ್ರೆಗಳನ್ನು ವೈದ್ಯರ ಸಲಹೆಯಿಲ್ಲದೆ ಥಟ್ಟನೆ ನಿಲ್ಲಿಸುವುದು ಅಪಾಯ. ದೇಹದ ಸ್ವಂತ ಹಾರ್ಮೋನು ತಯಾರಿಕೆ ಆಗ ಕುಂದಿರುತ್ತದೆ.

ಅಧ್ಯಯನದ ಮಿತಿಗಳು

ಮೇಲಿನ ವಿವರಗಳ ಬಹುಪಾಲು ಇಲಿಗಳಿಂದ, ಅದರಲ್ಲೂ ಮಿದುಳಿನಿಂದ ಹೊರತೆಗೆದ ತೆಳು ತುಣುಕುಗಳಿಂದ ಬಂದದ್ದು. ತುಣುಕಿಗೆ ಹರಿಸುವ ಹಾರ್ಮೋನು ಒಂದೇ ಸಮನಾಗಿರುತ್ತದೆ. ಬದುಕಿರುವ ಮಿದುಳಿನಲ್ಲಿ ಅದು ಗಂಟೆಗೊಮ್ಮೆ ಏರಿಳಿಯುತ್ತದೆ, ನಾರ್‌ಅಡ್ರಿನಲಿನ್, ಸಿಆರ್‌ಎಚ್‌ಗಳ ಜೊತೆ ಬೆರೆತು ಬರುತ್ತದೆ. ಮನುಷ್ಯರ ಹಿಪೊಕ್ಯಾಂಪಸ್ ಆಳದಲ್ಲಿರುವುದರಿಂದ ನೆತ್ತಿಯ ಮೇಲಿನ ಇಇಜಿಗೆ ಅದರ ಸಂಕೇತ ಸರಿಯಾಗಿ ಸಿಗುವುದಿಲ್ಲ. ಅಪಸ್ಮಾರದ ಶಸ್ತ್ರಚಿಕಿತ್ಸೆಗೆ ಮುನ್ನ ಒಳಗೆ ವಿದ್ಯುದ್ವಾರ ಇಟ್ಟಾಗ ನೇರ ದಾಖಲೆ ಸಾಧ್ಯ. ಆದರೆ ಅದು ರೋಗಗ್ರಸ್ತ ಮಿದುಳಿನದು. ಹಳೆಯ ಪ್ರಯೋಗಗಳು ಹೆಚ್ಚಾಗಿ ಗಂಡು ಇಲಿಗಳ ಮೇಲೆ ನಡೆದಿದ್ದು, ಹೆಣ್ಣು ಪ್ರಾಣಿಗಳಲ್ಲಿ ಈಸ್ಟ್ರೊಜೆನ್ ಕಾರಣದಿಂದ ಫಲಿತಾಂಶ ಬೇರೆಯಾಗುವುದು ಅನಂತರ ಕಂಡುಬಂದಿದೆ. ಹೀಗಾಗಿ ಒತ್ತಡದ ಹಾರ್ಮೋನು ಹಿಪೊಕ್ಯಾಂಪಸ್ ಅನ್ನು ಉದ್ರೇಕಿಸುತ್ತದೆ ಅಥವಾ ಕುಗ್ಗಿಸುತ್ತದೆ ಎಂಬ ಯಾವ ಹೇಳಿಕೆಯನ್ನಾದರೂ ಒಪ್ಪುವ ಮುನ್ನ ಯಾವ ಪ್ರಾಣಿ, ಯಾವ ಭಾಗ, ಎಷ್ಟು ಪ್ರಮಾಣ, ಹಾರ್ಮೋನು ಬಂದು ಎಷ್ಟು ಹೊತ್ತು ಎಂಬ ನಾಲ್ಕು ವಿವರಗಳನ್ನು ಕೇಳಿ ತಿಳಿಯಬೇಕಾಗುತ್ತದೆ.